ಮೂರನೆಯ ಯಂತ್ರದ ಯಂಕವ್ವ

ಹುಬ್ಬಳ್ಳಿಯ ಹುಡುಗರಿಗೆ ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದವನು ನಾನು. ಆ ಪಾಠಗಳಲ್ಲಿ ಒಂದು ಹೀಗಿದೆ: ಒಂದೇ ಯಂತ್ರದೊಳಗೆ ನಾಲ್ಕು ಪ್ರೊಸೆಸರುಗಳಿದ್ದರೆ, ಅಂದರೆ ಲೆಕ್ಕ ಮಾಡುವ ನಾಲ್ಕು ಮಿದುಳುಗಳಿದ್ದರೆ, ಬಂದ ಕೆಲಸವನ್ನು ಯಾವುದಕ್ಕೆ ಕೊಡಬೇಕು? ಬಿಡುವಾಗಿರುವ ಯಾವುದಕ್ಕಾದರೂ ದಾಟಿಸಬೇಕೋ, ಇಲ್ಲ ಇಂಥ ಕೆಲಸ ಇಂಥದ್ದಕ್ಕೇ ಎಂದು ಕಟ್ಟಿಹಾಕಬೇಕೋ? ಇದನ್ನು ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್ಮಿನ ಹೊಣೆ. ಪುಸ್ತಕದಲ್ಲಿ ಇದಕ್ಕೆ ಎರಡೇ ಪುಟ. ನನಗೆ ಮಾತ್ರ ಎರಡು ತಾಸು ಬೇಕಾಗುತ್ತಿತ್ತು, ಏಕೆಂದರೆ ನಾನು ಯಂಕವ್ವನ ಸುದ್ದಿ ತೆಗೆಯುತ್ತಿದ್ದೆ. ಹುಡುಗರು ಆಕಳಿಸುತ್ತಿದ್ದರು. "ಇದು ಪರೀಕ್ಷಾಕ್ಕ ಬರ್ತದೇನ್ರಿ ಸರ್?" ಎಂದು ಪ್ರತಿ ವರ್ಷ ಒಬ್ಬ ಕೇಳಿಯೇ ಕೇಳುತ್ತಿದ್ದ. ಅಂಥವರ ಮೇಲಿನ ಸಿಟ್ಟಿಗೆ ಈಗ ಇದನ್ನು ಬರೆದಿಡುತ್ತಿದ್ದೇನೆ. ಬೇಕಾದವರು ಓದಲಿ, ಬೇಡವಾದವರು ಆಕಳಿಸಲಿ.

ನಾನು, ಅಂದರೆ ರಮಾಕಾಂತ, ಕೆಲಸಕ್ಕೆ ಸೇರಿದ್ದು ೧೯೬೧ರಲ್ಲಿ. ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ, ರಾಯಾಪುರದ ಹತ್ತಿರ, ಬೆಳೆಗಳ ಅಂಕಿ-ಸಂಖ್ಯೆ ಲೆಕ್ಕ ಹಾಕುವ ಒಂದು ಸಣ್ಣ ಕಚೇರಿಯಿತ್ತು. ಹಂಚಿನ ಮಾಡು, ಮುಂದೆ ಒಂದು ಬೇವಿನ ಮರ. ನೇಮಕದ ಕಾಗದದಲ್ಲಿ ನನ್ನ ಹುದ್ದೆಯ ಹೆಸರು 'ಕಂಪ್ಯೂಟರ್' ಎಂದಿತ್ತು. ಆಗ ನಮ್ಮ ಕಡೆ ಹಾಗೆಂದರೆ ಯಂತ್ರವಲ್ಲ, ಕೂತು ಲೆಕ್ಕ ಮಾಡುವ ಮನುಷ್ಯ. ಅಂಥ ನಾಲ್ವರು ಇದ್ದೆವು. ಎಲ್ಲರಿಗೂ ಹಿರಿಯ ಮಹಾಂತಯ್ಯನವರು, ಮಾತಿನ ಮಲ್ಲ ಶಾಬುದ್ದೀನ, ಹೊಸಬ ನಾನು, ಮತ್ತು ಮೂಲೆಯಲ್ಲಿ ಯಂಕವ್ವ.

ನಾಲ್ವರಿಗೆ ನಾಲ್ಕು ಲೆಕ್ಕದ ಯಂತ್ರಗಳು. ಟೈಪ್‌ರೈಟರಿನಷ್ಟು ದೊಡ್ಡವು, ಎಲ್ಲ ಕಬ್ಬಿಣ, ಬಲಕ್ಕೊಂದು ಹಿಡಿಕೆ. ಅಂಕಿ ಹೊಂದಿಸಿ ಹಿಡಿಕೆ ತಿರುವಿದರೆ ಕೆಳಗಿನ ಸಾಲಿನಲ್ಲಿ ಮೊತ್ತ ಬೆಳೆಯುತ್ತ ಹೋಗುತ್ತಿತ್ತು. ಹೊಲಗಳಲ್ಲಿ ಬೀಜದ ಪ್ರಯೋಗ ನಡೆಸಿದವರು ಯಾವ ತುಂಡಿನಲ್ಲಿ ಎಷ್ಟು ಬೆಳೆಯಿತೆಂದು ಬರೆದು ಕಳಿಸುತ್ತಿದ್ದರು. ಯಾವ ಬೀಜ ಖರೆ ಹೆಚ್ಚಿನದು, ಯಾವುದು ಬರೀ ಅದೃಷ್ಟದ ಆಟ ಎಂದು ನಾವು ಲೆಕ್ಕ ಮಾಡಿ ಹೇಳಬೇಕು. ಒಂದೊಂದು ಹಾಳೆಯನ್ನೂ ಎರಡು ಸಲ ಮಾಡುವುದು ಪದ್ಧತಿ, ಮೊದಲು ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ. ಎರಡೂ ತಾಳೆಯಾದರೆ ಹಾಳೆ ಸರಿ.

ಯಂಕವ್ವ ೧೯೫೭ರಲ್ಲಿ ಬಂದವರು. ತಂದೆ ರೈಲ್ವೆ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ಅಕ್ಕವ್ವ ಮಾತ್ರ. ಅವರ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲ ಹೆಣ್ಣುಮಗಳು. ಅವರದು ಆಗಷ್ಟೇ ಬೌದ್ಧರಾದ ಮನೆ. ಅದು ಗೊತ್ತಾದದ್ದೇ ತಡ, ಮಹಾಂತಯ್ಯನವರು ತಮ್ಮ ಮೇಜನ್ನು ಕಿಟಕಿಯ ಕಡೆ ಎರಡು ಮೊಳ ಸರಿಸಿಕೊಂಡರಂತೆ. ಮೂಲೆಯ ಜಾಗ ಯಾರಿಗೂ ಬೇಡವಾಗಿತ್ತು, ಅಲ್ಲಿದ್ದ ಮೂರನೆಯ ಯಂತ್ರವೂ ಯಾರಿಗೂ ಬೇಡವಾಗಿತ್ತು. ಬೇಡವಾದ ಎರಡನ್ನೂ ಆಕೆಗೆ ಕೊಟ್ಟರು. ನಾನು ಸೇರಿದಾಗಲೂ ಆ ಮೇಜುಗಳ ನಡುವೆ ಆ ಎರಡು ಮೊಳ ಹಾಗೆಯೇ ಇತ್ತು, ನಾನೂ ಅದನ್ನು ನೋಡಿ ಸುಮ್ಮನಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ಯಂತ್ರಕ್ಕೆ ಒಂದು ರೋಗವಿತ್ತು. ಏಳನೆಯ ಅಂಕಿಯ ಮನೆಗೆ ದಶಕ ದಾಟುವಾಗ, ಅಂದರೆ ಹಿಂದಿನ ಮನೆಯಲ್ಲಿ ಒಂಬತ್ತು ಮೀರಿ ಒಂದು ಮುಂದಕ್ಕೆ ಹೋಗುವಾಗ, ಒಳಗಿನ ಹಲ್ಲು ಕೆಲವೊಮ್ಮೆ ಕಚ್ಚುತ್ತಿರಲಿಲ್ಲ. ಉಳಿದೆಲ್ಲ ಸರಿ, ಒಂದೇ ಒಂದು ಅಂಕಿ ತಪ್ಪು, ನೋಡಿದರೆ ತಿಳಿಯುವಂತೆಯೂ ಇರಲಿಲ್ಲ. ಯಂಕವ್ವ ಮಾತ್ರ ಅದನ್ನು ಪಳಗಿಸಿದ್ದರು. ಅವರು ಹಿಡಿಕೆಯನ್ನು ನಿಧಾನ ತಿರುವಿ, ತಲೆ ಬಾಗಿಸಿ ಏನನ್ನೋ ಕೇಳುತ್ತಿದ್ದರು. ಒಮ್ಮೊಮ್ಮೆ ಹಿಂದಕ್ಕೊಂದು ಸುತ್ತು ತಿರುವಿ ಮತ್ತೆ ಮುಂದೆ ತಿರುವುತ್ತಿದ್ದರು. ಅವರ ಹಾಳೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ಕಾಲದಲ್ಲಿ ನಮ್ಮ ಕೆಲಸ ಹಂಚಿಯೇ ಇತ್ತು. ಜೋಳ ಶಾಬುದ್ದೀನನದು, ಶೇಂಗಾ ಮಹಾಂತಯ್ಯನವರದು, ಮೆಣಸಿನಕಾಯಿ ನನ್ನದು, ಎಲ್ಲಕ್ಕಿಂತ ಉದ್ದನೆಯ ಲೆಕ್ಕವಾದ ಹತ್ತಿ ಯಂಕವ್ವನವರದು. ಯಾವ ಹೊಲದವನ ಕೈಬರಹ ಹೇಗೆ, ಯಾವ ತುಂಡಿನಲ್ಲಿ ನೀರು ನಿಂತಿತ್ತು, ಹೋದ ವರ್ಷ ಎಷ್ಟು ಬಂದಿತ್ತು ಎಂಬುದೆಲ್ಲ ಅವರವರ ತಲೆಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಬಂದು ಕೂತರೆ ನಿನ್ನೆ ಬಿಟ್ಟಲ್ಲಿಂದ ಕೈ ತಾನೇ ಹೊರಡುತ್ತಿತ್ತು.

೧೯೬೩ರ ದೀಪಾವಳಿ ಮುಗಿದ ಮೇಲೆ ಹಂಚಿನಮನಿ ಸಾಹೇಬರು ನಮ್ಮ ಮೇಲಧಿಕಾರಿಯಾಗಿ ಬಂದರು. ಮೊದಲ ದಿನವೇ ಅವರ ಕಣ್ಣಿಗೆ ಬಿದ್ದದ್ದು ಇದು: ಮೆಣಸಿನಕಾಯಿಯ ಹಾಳೆಗಳಿಲ್ಲದೆ ನಾನು ಪೇಪರ್ ಓದುತ್ತಿದ್ದೆ, ಶಾಬುದ್ದೀನ ಚಹಾ ಕುಡಿಯುತ್ತಿದ್ದ, ಯಂಕವ್ವನ ಮೇಜಿನ ಮೇಲೆ ಹತ್ತಿಯ ಹಾಳೆಗಳು ಆಕೆಯ ಮುಖ ಕಾಣದಷ್ಟು ಎತ್ತರ ಬೆಳೆದಿದ್ದವು.

"ಇದೇನ್ ಕಚೇರಿನೋ, ಬೀಗರ ಮನಿನೋ?" ಎಂದರು ಸಾಹೇಬರು.

ಅವರೇನು ದಡ್ಡರಲ್ಲ. ಮರುವಾರವೇ ಹೊಸ ಕ್ರಮ ಬಂತು. ಎಲ್ಲ ಹಾಳೆಗಳೂ ಒಂದು ಕಟ್ಟಿಗೆಯ ಪೆಟ್ಟಿಗೆಗೆ. ಯಾರ ಕೈ ಖಾಲಿಯಾಗುತ್ತದೋ ಅವರು ಮೇಲಿನ ಹಾಳೆ ತೆಗೆದುಕೊಳ್ಳಬೇಕು, ಯಾವ ಯಂತ್ರ ಖಾಲಿಯಿದೆಯೋ ಅದಕ್ಕೆ ಕೂಡಬೇಕು. ಅವಸರದ ಹಾಳೆ ಬಂದರೆ ಕೈಯಲ್ಲಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಅದನ್ನು ಹಿಡಿಯಬೇಕು. ಗೋಡೆಗೆ ಒಂದು ಕರಿಹಲಗೆ ಬಂತು, ಅದರ ಮೇಲೆ ನಾಲ್ಕು ಹೆಸರು. ಒಂದು ಸಲ ಹಾಳೆ ಮುಗಿಸಿದರೆ ಒಂದು ಗೀಟು. ಹದಿನೈದು ದಿನದ ಮೇಲೆ ಇನ್ನೊಂದು ಸುದ್ದಿ ಬಂತು. ನಾಲ್ಕು ಹುದ್ದೆಗಳಲ್ಲಿ ಒಂದನ್ನು ಮಾರ್ಚ್ ಕೊನೆಗೆ ತೆಗೆಯಬೇಕೆಂದು ಮೇಲಿನಿಂದ ಆದೇಶವಾಗಿತ್ತು.

"ಯಾರ ಗೀಟು ಕಡಿಮಿನೋ ಅವರು. ನಾ ಯಾರ ಮುಖಾನೂ ನೋಡಂಗಿಲ್ಲ," ಎಂದರು ಸಾಹೇಬರು.

ಮೊದಲ ವಾರ ಗೀಟುಗಳು ಭರ್ಜರಿಯಾಗಿ ಏರಿದವು. ಆಮೇಲೆ ತಾಳೆ ತಪ್ಪತೊಡಗಿತು. ಅರ್ಧಕ್ಕೆ ಬಿಡುವಾಗ ಯಂತ್ರದಲ್ಲಿದ್ದ ಮೊತ್ತವನ್ನು ಚೀಟಿಯ ಮೇಲೆ ಬರೆದಿಟ್ಟು, ಯಂತ್ರವನ್ನು ಸೊನ್ನೆ ಮಾಡಿ, ಬೇರೆ ಲೆಕ್ಕ ಹಿಡಿದು, ತಿರುಗಿ ಬಂದು ಹಳೆಯ ಮೊತ್ತವನ್ನು ಮತ್ತೆ ಹೊಂದಿಸಬೇಕಿತ್ತು. ಆ ಚೀಟಿಗಳಲ್ಲಿ ಅಂಕಿಗಳು ಹಿಂದುಮುಂದಾದವು, ಕೆಲವು ಚೀಟಿಗಳು ಗಾಳಿಗೆ ಹಾರಿದವು. ಶೇಂಗಾದ ಹಾಳೆ ನನ್ನ ಕೈಗೆ ಬಂದರೆ ಅದರ ಬರಹ ಓದುವುದಕ್ಕೇ ನನಗೆ ಅರ್ಧ ತಾಸು. ಯಂಕವ್ವನನ್ನು ಬಿಟ್ಟು ಮೂರನೆಯ ಯಂತ್ರಕ್ಕೆ ಕೂತವರೆಲ್ಲ ತಪ್ಪಿದರು. ನಾನಂತೂ ಒಂದೇ ದಿನ ನಾಲ್ಕು ಹಾಳೆ ಕೆಡಿಸಿದೆ. ತಮಾಷೆಯೆಂದರೆ, ತಪ್ಪಿದ ಹಾಳೆ ಮತ್ತೆ ಪೆಟ್ಟಿಗೆಗೆ ಹೋಗಿ ಮತ್ತೊಬ್ಬರಿಗೆ ಮತ್ತೊಂದು ಗೀಟು ತರುತ್ತಿತ್ತು. ತಪ್ಪು ಹೆಚ್ಚಾದಷ್ಟೂ ಹಲಗೆ ತುಂಬಿ ಕಾಣುತ್ತಿತ್ತು.

ಯಂಕವ್ವ ಮಾತ್ರ ಎರಡು ಮೂರು ಸಲ ತಪ್ಪಿದ ಹಾಳೆಗಳನ್ನೇ ಆರಿಸಿ ತೆಗೆದುಕೊಳ್ಳುತ್ತಿದ್ದರು. ತಪ್ಪು ಎಲ್ಲಿದೆಯೆಂದು ಹುಡುಕಿ ತೆಗೆಯಲು ಒಂದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಜನವರಿ ಮುಗಿಯುವ ಹೊತ್ತಿಗೆ ಹಲಗೆಯ ಮೇಲೆ ಎಲ್ಲರಿಗಿಂತ ಕಡಿಮೆ ಗೀಟು ಅವರವೇ.

"ಅಕ್ಕಾರ, ನೀವೂ ನಮ್ಮಂಗ ಸುಲಭದ್ದ ತಗೊಳ್ರಿ. ನೌಕರಿ ಹೊಕ್ಕೈತ್ರಿ," ಎಂದ ಶಾಬುದ್ದೀನ.

"ತಪ್ಪು ಹಾಳಿ ಹೊರಗ ಹೋದ್ರ ಸುಳ್ಳ ಬೀಜ ಹೊಲಕ್ಕ ಹೊಕ್ಕೈತಿ, ಶಾಬುದ್ದೀನ. ಅದನ್ನ ಬಿತ್ತಾವ ಏನ್ ಪಾಪ ಮಾಡ್ಯಾನ?" ಎಂದರು ಯಂಕವ್ವ. ಹಾಗೆ ಹೇಳಿ ಮತ್ತೊಂದು ತಪ್ಪಿದ ಹಾಳೆ ಎತ್ತಿಕೊಂಡರು. ಆ ಸಂಬಳ ಬಿಟ್ಟರೆ ಅವರ ಮನೆಗೆ ಬೇರೆ ಆಧಾರವಿರಲಿಲ್ಲ.

ಫೆಬ್ರುವರಿಯಲ್ಲಿ ಒಂದು ಹತ್ತಿಯ ಹಾಳೆ ಮೂವರ ಕೈ ದಾಟಿ ಮೂರು ಉತ್ತರ ತಂದಿತು. ಸಾಹೇಬರು ಅದನ್ನು ಹಿಡಿದುಕೊಂಡು ತಲೆ ಕೆಡಿಸಿಕೊಂಡು ನಿಂತಿದ್ದಾಗ ಯಂಕವ್ವ ಮೂಲೆಯಿಂದ ಎದ್ದು ಬಂದರು.

"ಸಾಹೇಬ್ರ, ಒಂದ ಮಾತು ಹೇಳ್ಲೇನ್ರಿ? ಅವರವರ ಕೆಲಸ ಅವರವರ ಯಂತ್ರಕ್ಕ ಬಿಟ್ರ ಛಲೋ ಅಂತ ನಾ ಅಂತೇನಿ. ಬ್ಯಾಡ ಅಂತ ನೀವು ಅಂತೀರಿ. ಇಬ್ಬರ್ದೂ ಬರೇ ಬಾಯಿಮಾತು. ನಾವು ಬೀಜಕ್ಕ ಪರೀಕ್ಷಾ ಮಾಡಿ ನಂಬೋ ಮಂದಿ. ನಮ್ಮ ಮ್ಯಾಲೂ ಒಂದ ಪರೀಕ್ಷಾ ಮಾಡಿ ನೋಡೂಣಲ್ರಿ?"

ಸಾಹೇಬರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಅವರೂ ಅಂಕಿಯ ಮನುಷ್ಯರೇ, ಅಂಥ ಮಾತನ್ನು ಅವರು ಹೇಗೆ ಬೇಡವೆಂದಾರು!

ಹನ್ನೆರಡು ದಿನದ ಪ್ರಯೋಗ ಎಂದಾಯಿತು. ಎರಡೆರಡು ದಿನದ ಆರು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ದಿನ ಪೆಟ್ಟಿಗೆಯ ಪದ್ಧತಿ, ಒಂದು ದಿನ ಅವರವರ ಬೆಳೆ ಅವರವರ ಯಂತ್ರಕ್ಕೇ ಕಟ್ಟಿದ ಪದ್ಧತಿ. ಯಾವುದು ಮೊದಲು ಎಂಬುದು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ಹೊಲದಲ್ಲಿ ಬೀಜ ಹಾಕುವಾಗ ಮಾಡುವಂತೆ ಚೀಟಿ ಎತ್ತಬೇಕು. ಚೀಟಿಗಳನ್ನು ಮಹಾಂತಯ್ಯನವರ ಎಲೆ-ಅಡಿಕೆಯ ಚಂಚಿಯಲ್ಲಿ ಹಾಕಿ ಎತ್ತಿದೆವು, ಎಲ್ಲಕ್ಕೂ ಸುಣ್ಣ ಹತ್ತಿತ್ತು. ಗೀಟಿನ ಲೆಕ್ಕವಿಲ್ಲ, ಒಂದು ದಿನದಲ್ಲಿ ತಾಳೆಯಾದ ಹಾಳೆ ಎಷ್ಟು ಎಂಬುದಷ್ಟೇ ಲೆಕ್ಕ. ಕಟ್ಟಿದ ಪದ್ಧತಿ ಗೆದ್ದರೆ ಗೀಟು ನೋಡಿ ನೌಕರಿ ತೆಗೆಯುವ ಮಾತೂ ಬಿದ್ದುಹೋಗುತ್ತಿತ್ತು.

ಐದು ಜೋಡಿ ಮುಗಿದಾಗ ನಾವು ಗೆದ್ದೆವೆಂದೇ ಕುಣಿದೆವು. ಪೆಟ್ಟಿಗೆಯ ದಿನಗಳಲ್ಲಿ ಹನ್ನೆರಡು ಹಾಳೆಯ ಆಸುಪಾಸು, ಕಟ್ಟಿದ ದಿನಗಳಲ್ಲಿ ಹದಿನೇಳು-ಹದಿನೆಂಟು. ಆದರೆ ಕೊನೆಯ ಜೋಡಿಯ ಕಟ್ಟಿದ ದಿನ ಯಂಕವ್ವ ಬರಲಿಲ್ಲ. ಜ್ವರ ಬಂದು ಮಲಗಿದ್ದರು. ಹತ್ತಿ ಅವರಿಗೇ ಕಟ್ಟಿದ್ದು, ಮೂರನೆಯ ಯಂತ್ರವೂ ಅವರಿಗೇ. ನಾವು ಮುಟ್ಟುವಂತಿಲ್ಲ, ಮುಟ್ಟಿದರೂ ಬರುವುದಿಲ್ಲ. ನಮ್ಮ ಹಾಳೆಗಳು ಮಧ್ಯಾಹ್ನಕ್ಕೇ ಮುಗಿದು ಕೈಕಟ್ಟಿ ಕೂತೆವು. ಆ ದಿನ ಬರೀ ಎಂಟು ಹಾಳೆ.

ಮರುದಿನ ಆಕೆ ಬಂದಾಗ ಶಾಬುದ್ದೀನ ಆಗಲೇ ಉಪಾಯ ಹುಡುಕಿಟ್ಟಿದ್ದ. ಹೊಲದ ಪ್ರಯೋಗದಲ್ಲಿ ಒಂದು ತುಂಡನ್ನು ದನ ಮೇಯ್ದುಬಿಟ್ಟರೆ ಆ ತುಂಡನ್ನು ಲೆಕ್ಕದಿಂದ ಬಿಡುವ ಪದ್ಧತಿಯಿದೆ. "ಆ ದಿನಾನ್ನ ದನ ಮೇಯ್ದದ್ದು ಅಂತ ಬರೀರಿ ಅಕ್ಕಾರ, ಮುಗೀತು," ಎಂದ. ನಾನೂ ಹೌದೆಂದೆ. ಸಾಹೇಬರೂ ಇದನ್ನು ಒಪ್ಪುತ್ತಿದ್ದರೆಂದು ನನಗೆ ಈಗಲೂ ಅನಿಸುತ್ತದೆ.

ಯಂಕವ್ವ ಆ ದಿನದ ಎಂಟು ಹಾಳೆಗಳನ್ನು ಎಣಿಸಿ ಮೇಜಿನ ಮೇಲಿಟ್ಟರು. ಜ್ವರದಿಂದ ಎದ್ದ ಮುಖ ಸಣ್ಣಗಾಗಿತ್ತು.

"ದನ ಮೇಯ್ದದ್ದು ಬೀಜದ ತಪ್ಪಲ್ಲ. ಆದ್ರ ನಾ ಬರದಿದ್ರ ಹತ್ತಿ ನಿಂತದ್ದು ಈ ಪದ್ಧತಿದ್ದ ತಪ್ಪು. ಅದನ್ನ ಬಿಟ್ಟು ಲೆಕ್ಕಾ ಮಾಡಿದ್ರ ಸುಳ್ಳ ಆಕ್ಕೈತಿ," ಎಂದರು.

ಆ ಒಂದು ದಿನ ಬಿಟ್ಟಿದ್ದರೆ ಗೆಲುವು ಖಂಡಿತ. ಸೇರಿಸಿದರೆ, ಕಟ್ಟಿದ ಪದ್ಧತಿಯ ಸರಾಸರಿ ಹದಿನಾರಕ್ಕೆ ಇಳಿದು, ದಿನದಿಂದ ದಿನಕ್ಕೆ ಅಷ್ಟು ಏರಿಳಿತವಿರುವಾಗ, ಬೀಜಗಳಿಗೆ ಹಚ್ಚುತ್ತಿದ್ದ ನಮ್ಮದೇ ನಿಯಮದ ಪ್ರಕಾರ ಅದು ಹೆಚ್ಚೆಂದು ಎದೆ ತಟ್ಟಿ ಹೇಳುವಂತಿರಲಿಲ್ಲ. ಆಕೆ ಆ ಎಂಟನ್ನೂ ಸೇರಿಸಿ, ಮೂರನೆಯ ಯಂತ್ರದ ಮೇಲೆ ಎರಡು ಸಲ ಲೆಕ್ಕ ಹಾಕಿ, ಕೆಳಗೆ ಸ್ಪಷ್ಟವಾಗಿ ಬರೆದರು: ವ್ಯತ್ಯಾಸ ಖಚಿತವೆಂದು ಹೇಳಲಾಗದು. ತನ್ನ ನೌಕರಿಯನ್ನು ತಾನೇ ಕೈಯಾರೆ ಕಳೆದುಕೊಳ್ಳುವ ಹೆಂಗಸು ಎಂದು ನನಗೆ ಸಿಟ್ಟು ಬಂತು.

ಸಾಹೇಬರು ಕಾಗದ ಓದಿದರು. "ಆ ದಿನ ತಗದಿದ್ರ ನೀವ ಗೆಲ್ತಿದ್ರಲ್ರಿ?"

"ಗೆದ್ದು ಏನ್ ಮಾಡ್ಲಿರಿ? ನಾಳಿ ಮತ್ತ ಜ್ವರ ಬಂದ್ರ ಹತ್ತಿ ಮತ್ತ ಕುಂತ ಇರತೈತಿ. ಪೆಟಗಿ ಪದ್ಧತ್ಯಾಗ ಒಂದ ಛಲೋ ಐತ್ರಿ, ಯಾರಿಗೂ ಕಾಯೂದಿಲ್ಲ. ನಮ್ಮದ್ರಾಗ ಒಂದ ಛಲೋ ಐತಿ, ತಪ್ಪು ಆಗೂದಿಲ್ಲ. ಎರಡೂ ಕೂಡಸ್ರಿ. ಪ್ರತಿ ಕೆಲಸಕ್ಕ ಒಬ್ಬರ ಮಾಲಕರು ಇರ್ಲಿ, ಅವರ ಬೆನ್ನಿಗೆ ಇನ್ನೊಬ್ಬರು. ಮಾಲಕರು ಇದ್ದಾಗ ಅವರ ಮಾಡ್ಲಿ. ಇಲ್ಲದಾಗ, ಇಲ್ಲಾ ಭಾಳ ರಾಶಿ ಬಿದ್ದಾಗ, ಬೆನ್ನಿಗಿದ್ದವರು ಹಿಡೀಲಿ. ಬಾಕಿ ಯಾರೂ ಮುಟ್ಟೂದು ಬ್ಯಾಡ."

"ಮೂರನೇ ಯಂತ್ರದ ಬೆನ್ನಿಗೆ ಯಾರು?"

"ರಮಾಕಾಂತ. ನಾ ಕಲಸ್ತೇನಿ."

ಆ ಮಾತಿನ ಭಾರ ನನಗೆ ತಟ್ಟಿದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ. ಆ ಯಂತ್ರ ಆಕೆಯೊಬ್ಬರಿಗೇ ಒಗ್ಗಿತ್ತು ಎಂಬುದೊಂದೇ ಆಕೆಯನ್ನು ಉಳಿಸಬಹುದಾಗಿದ್ದ ಕಾರಣ. ಅದನ್ನೇ ನನ್ನ ಕೈಗೆ ಕೊಡಲು ಹೊರಟಿದ್ದರು.

ಮತ್ತೆ ಹನ್ನೆರಡು ದಿನ ಎಂದರು ಸಾಹೇಬರು. ಅದರಲ್ಲಿ ಚೀಟಿ ಎತ್ತಿ ಒಬ್ಬೊಬ್ಬರೂ ಒಂದು ದಿನ ಬೇಕೆಂದೇ ಗೈರಾಗಬೇಕು, ಆಗಲೂ ಕೆಲಸ ನಿಲ್ಲದಿದ್ದರೆ ಈ ಪದ್ಧತಿ ಖರೆ. ಅದಕ್ಕೂ ಮೊದಲು ಕಲಿಯಲು ಒಂದು ವಾರ. ಶೇಂಗಾದ ಬೆನ್ನಿಗೆ ಯಂಕವ್ವನ ಹೆಸರು ಬಂತು. ಅಂದರೆ ಅವರು ದಿನಾ ಒಂದು ತಾಸು ಮಹಾಂತಯ್ಯನವರ ಪಕ್ಕದಲ್ಲಿ ಕೂಡಬೇಕು. ಮಹಾಂತಯ್ಯನವರು ಎದ್ದರು, ಅಡಿಕೆ ಉಗುಳಿ ಬಂದರು, ಆಮೇಲೆ ತಮ್ಮ ಮೇಜನ್ನು ಎರಡೂ ಕೈಯಿಂದ ಹಿಡಿದು ಮೂಲೆಯ ಕಡೆಗೆ ಎಳೆದರು. ಏಳು ವರ್ಷದ ಎರಡು ಮೊಳ ಮುಗಿಯಿತು.

"ಕುಂದರ್ರಿ ಬಾಯಾರ. ಶೇಂಗಾದ ಮಂದಿ ಬರವಣಗಿ ಭಾಳ ಕೆಟ್ಟ ಐತಿ, ಮದಲ ಹೇಳತೇನಿ," ಎಂದರು.

ಯಂಕವ್ವ ನನಗೆ ಕಲಿಸಿದ್ದು ಕೈಯ ಕೆಲಸವಲ್ಲ, ಕಿವಿಯ ಕೆಲಸ. "ಎರಡು ಸಪ್ಪಳ ಕೇಳಬೇಕು ನೋಡ್ರಿ. ದೊಡ್ಡದೊಂದು, ಅದರ ಬೆನ್ನಿಗೆ ಸಣ್ಣದೊಂದು. ಸಣ್ಣದು ಕೇಳಲಿಲ್ಲಂದ್ರ ದಶಕ ದಾಟಿಲ್ಲ. ಹಿಂದ ತಿರುವಿ ಮತ್ತ ಮಾಡ್ರಿ." ಮೂರು ದಿನ ನನಗೆ ಏನೂ ಕೇಳಿಸಲಿಲ್ಲ. ಆಕೆ ಒಮ್ಮೆಯೂ ಗದರಲಿಲ್ಲ. ನಾಲ್ಕನೆಯ ದಿನ, ದೊಡ್ಡ ಸದ್ದಿನ ಹಿಂದೆ ಉಗುರಿನಿಂದ ತಟ್ಟಿದಂಥ ಒಂದು ಸದ್ದು ಕೇಳಿಸಿತು. ನಾನು ತಿರುಗಿ ನೋಡಿದೆ. ಆಕೆ ನಗುತ್ತಿದ್ದರು.

ಯಂಕವ್ವ ಗೈರಾಗಬೇಕಾದ ದಿನ ಚೀಟಿಯಲ್ಲಿ ಮಾರ್ಚ್ ಹನ್ನೆರಡಕ್ಕೆ ಬಂತು. ಆ ಬೆಳಿಗ್ಗೆ ನಾನು ಮೂರನೆಯ ಯಂತ್ರದ ಮುಂದೆ ಕೂತೆ. ನನ್ನ ಕೈ ತಪ್ಪಿದರೆ ಹೋಗುವುದು ನನ್ನ ನೌಕರಿಯಲ್ಲ, ಆಕೆಯದು. ಶಾಬುದ್ದೀನ ಆ ದಿನ ಒಂದು ಮಾತೂ ಆಡಲಿಲ್ಲ. ಅದೇ ಒಂದು ಪವಾಡ. ನನಗೆ ಆ ಸಣ್ಣ ಸದ್ದು ಕೇಳಲಿ ಎಂದು ಮಹಾಂತಯ್ಯನವರು ತಮ್ಮ ಯಂತ್ರವನ್ನು ನಿಧಾನ ತಿರುವುತ್ತಿದ್ದರು. ಮೊದಲ ಹತ್ತಿಯ ಹಾಳೆ ಮೇಲಿನಿಂದ ಕೆಳಗೆ ಮಾಡಿದೆ, ಕೆಳಗಿನಿಂದ ಮೇಲೆ ಮಾಡಿದೆ. ತಾಳೆಯಾಯಿತು. ಸಂಜೆ ಐದಕ್ಕೆ ಸಾಹೇಬರು ತಾವೇ ಬಂದು ಎಣಿಸಿದರು. ನಾಲ್ವರಿದ್ದ ದಿನಗಳಲ್ಲಿ ಹದಿನೆಂಟು ಆಗುತ್ತಿತ್ತು, ಮೂವರೇ ಇದ್ದ ಆ ದಿನ ಹದಿನೈದು. ಅದರಲ್ಲಿ ಹತ್ತಿಯವು ನಾಲ್ಕು.

ಹನ್ನೆರಡು ದಿನ ಮುಗಿದಾಗ, ಪೆಟ್ಟಿಗೆಯ ಪದ್ಧತಿಗಿಂತ ಇದೇ ಹೆಚ್ಚು ಎಂಬ ಲೆಕ್ಕದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಸಾಹೇಬರು ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸಿದರು. ಗೀಟು ಎಣಿಸಿದ್ದು ತಮ್ಮ ತಪ್ಪೆಂದು ನಮ್ಮೆದುರಿಗೇ ಒಪ್ಪಿಕೊಂಡರು. ಅಷ್ಟು ದೊಡ್ಡ ಮನಸ್ಸು ಅವರಿಗಿತ್ತು. ಯಂಕವ್ವ ಬರೆದ ಎರಡೂ ಕೋಷ್ಟಕಗಳನ್ನು, 'ಖಚಿತವೆಂದು ಹೇಳಲಾಗದು' ಎಂಬ ಆ ಮೊದಲನೆಯದನ್ನೂ ಬಿಡದೆ, ಮೇಲಿನವರಿಗೆ ಕಳಿಸಿದರು. ಒಬ್ಬರನ್ನು ತೆಗೆದರೆ ಒಂದು ಕೆಲಸಕ್ಕೆ ಮಾಲಕರೂ ಇನ್ನೊಂದಕ್ಕೆ ಬೆನ್ನಿಗಿರುವವರೂ ಒಟ್ಟಿಗೆ ಹೋಗುತ್ತಾರೆಂದು ಬರೆದರು. ಏಪ್ರಿಲ್ ಮೊದಲ ವಾರ ಉತ್ತರ ಬಂತು: ನಾಲ್ಕೂ ಹುದ್ದೆಗಳು ಮುಂದುವರಿಯತಕ್ಕದ್ದು. ಶಾಬುದ್ದೀನ ಎಲ್ಲರಿಗೂ ಫೇಡೆ ತಂದ. ಯಂಕವ್ವ ಕಾಗದವನ್ನು ಎರಡು ಸಲ ಓದಿದರು, ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕರಿಹಲಗೆಯ ಮೇಲೆ ಹೊಸ ಪಟ್ಟಿ ಬಂತು. ಹತ್ತಿಯ ಮುಂದೆ ಹೀಗೆ ಬರೆದಿತ್ತು: ಯಂಕವ್ವ, ಅವರಿಲ್ಲದಾಗ ರಮಾಕಾಂತ. ಇಪ್ಪತ್ತು ವರ್ಷಗಳ ಮೇಲೆ, ಹಲವು ಪ್ರೊಸೆಸರುಗಳ ಪಾಠಕ್ಕೆ ಬಂದಾಗ, ನಾನು ಕ್ಲಾಸಿನ ಹಲಗೆಯ ಮೇಲೆ ಮೊದಲು ಬರೆಯುತ್ತಿದ್ದದ್ದು ಇದೇ ಸಾಲನ್ನು.

ಇನ್ನೊಂದು ಮಾತು ಹೇಳದಿದ್ದರೆ ಇದು ಮುಗಿಯುವುದಿಲ್ಲ. ಯಂಕವ್ವನಿಗೆ ಮೊದಲಿನಿಂದಲೂ ಬಿ.ಎ. ಮಾಡುವ ಆಸೆ. ಖಾಸಗಿಯಾಗಿ ಓದಿ ಎರಡು ಸಲ ಅರ್ಜಿ ತುಂಬಿ, ಎರಡು ಸಲವೂ ಪರೀಕ್ಷೆ ಬಿಟ್ಟಿದ್ದರು. ರಜೆ ಹಾಕಿದರೆ ಹತ್ತಿ ನಿಲ್ಲುತ್ತದೆ, ಹತ್ತಿ ನಿಂತರೆ ತನ್ನನ್ನು ತೆಗೆಯುತ್ತಾರೆ ಎಂಬ ಹೆದರಿಕೆ. ಯಂತ್ರ ಆಕೆಯ ಕೈಗೆ ಕಟ್ಟಿದಷ್ಟೇ ಬಿಗಿಯಾಗಿ ಆಕೆಯೂ ಯಂತ್ರಕ್ಕೆ ಕಟ್ಟಿಕೊಂಡಿದ್ದರು. ೧೯೬೫ರಲ್ಲಿ ಅವರು ಎಂಟು ದಿನ ರಜೆ ಹಾಕಿ ಧಾರವಾಡದಲ್ಲಿ ಪರೀಕ್ಷೆ ಬರೆದು ಬಂದರು.

ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದರು, "ಹತ್ತಿ ನಿಂತಿತ್ತೇನ್ರಿ?"

ನಿಲ್ಲಲಿಲ್ಲ ಎಂದರೆ ಎಲ್ಲಿ ನೊಂದುಕೊಳ್ಳುತ್ತಾರೋ ಎಂದು ನನಗೆ ಅಳುಕು. ಆದರೂ ಇದ್ದದ್ದು ಹೇಳಿದೆ. "ಇಲ್ರಿ ಅಕ್ಕಾರ. ಒಂದ ದಿನಾನೂ ನಿಲ್ಲಲಿಲ್ಲ."

ಯಂಕವ್ವ ಗಟ್ಟಿಯಾಗಿ ನಕ್ಕರು. ನಾನು ಮೂರನೆಯ ಯಂತ್ರದಿಂದ ಏಳಹೋದೆ. ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದರು.

"ಕುಂದರ್ರಿ. ಆ ಹಾಳಿ ಅರ್ಧಕ್ಕ ಬಿಡಬ್ಯಾಡ್ರಿ. ನೀವು ಮುಗಸ್ರಿ, ಅಲ್ಲೀತನ ನಾ ಬಾಜೂ ಕುಂದರತೇನಿ."

ಒಂದು ಕುರ್ಚಿ ಎಳೆದುಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಆ ಕಚೇರಿಯಲ್ಲಿ ಮೊದಲ ಸಲ ಏನೂ ಮಾಡದೆ ಕೂತರು. ನಾನು ಹಿಡಿಕೆ ತಿರುವಿದೆ. ಎರಡು ಸಪ್ಪಳ ಕೇಳಿಸಿದವು, ಇಬ್ಬರಿಗೂ.